ಮಕ್ಕಳ ಕಟಕಟೆಯಲ್ಲಿ ನಿಂತ ಗುರು

ವಿಶ್ವವಿದ್ಯಾನಿಲಯಗಳ ವ್ಯಾಸಂಗಪಟ್ಟಿಗೆ ಈಚಿನ ದಶಕಗಳಲ್ಲಿ ಸೇರಿರುವ ವಿಷಯಗಳಲ್ಲಿ ಮಕ್ಕಳ ಹಕ್ಕುಗಳೆಂಬುದೂ ಒಂದು. ಜಿನೀವಾ ವಿಶ್ವವಿದ್ಯಾನಿಲಯದಲ್ಲಿ ಹಲವು ವಿಭಾಗಗಳು ಕೂಡಿ ಅದಕ್ಕೆಂದೇ ಒಂದು ಕೇಂದ್ರವನ್ನು ನಡೆಸುತ್ತಿವೆ. ಅಲ್ಲಿ ಸ್ನಾತಕೋತ್ತರ ಪದವಿಗೆ ಓದುವವರು ನ್ಯಾಯಶಾಸ್ತ್ರದೊಡನೆ ಮನಶ್ಶಾಸ್ತ್ರ, ಸಮಾಜಶಾಸ್ತ್ರಗಳನ್ನೂ ಅಭ್ಯಾಸ ಮಾಡುತ್ತಾರೆ. ನಮ್ಮ ಬೆಂಗಳೂರಿನ ರಾಷ್ಟ್ರೀಯ ಕಾನೂನು ಶಾಲೆಯಲ್ಲಿ ಮಗು ಮತ್ತು ಕಾನೂನು ಕುರಿತ ಕೇಂದ್ರವೊಂದು ೧೯೯೬ರಲ್ಲಿ ಆರಂಭವಾಯಿತು. ಇಂಥ ವ್ಯಾಸಂಗಕ್ಕೆ ಸೇರುವ ತರುಣ ತರುಣಿಯರನ್ನು ಹಿರಿಯರು ಕೇಳುವ ಪ್ರಶ್ನೆಯೊಂದುಂಟು. ವೈದ್ಯವಿದ್ಯೆಗೆ ದೇಹವಿದೆ, ಕಾನೂನಿಗೆ ಶಾಸನವಿದೆ, ಶಿಕ್ಷಣಶಾಸ್ತ್ರಕ್ಕೆ ಪಾಠಶಾಲೆಯಿದೆ. ಯಾವ ಒಂದು ಇಲಾಖೆಗೂ ಸೇರದ ಈ ವಿದ್ಯೆಗೆ ಏನಿದೆ? ನಾಲ್ಕು ಶಾಸ್ತ್ರಗಳಿಂದ ಹಿಡಿಹಿಡಿ ತಂದು ಒಂದು ಬುಟ್ಟಿಗೆ ಹಾಕಿದ ಮಾತ್ರಕ್ಕೆ ಅದೊಂದು ಶಾಸ್ತ್ರವಾದೀತೆ?

ಪ್ರಶ್ನೆ ನ್ಯಾಯವಾದುದೇ. ಅದಕ್ಕೆ ಉತ್ತರವನ್ನು ಪಠ್ಯಪಟ್ಟಿಗಳಲ್ಲಿ ಹುಡುಕುವುದಕ್ಕಿಂತ ಒಬ್ಬ ಮನುಷ್ಯನ ಬಾಳಿನಲ್ಲಿ ಹುಡುಕುವುದು ಮೇಲೆಂದು ನನ್ನ ಭಾವನೆ. ಈ ವಿದ್ಯೆಗೆ ಹೆಸರಿಲ್ಲದ ಕಾಲದಲ್ಲಿ, ಪದವಿಯಾಗಲಿ ಪೀಠವಾಗಲಿ ಇಲ್ಲದ ಕಾಲದಲ್ಲಿ, ವೈದ್ಯವನ್ನೂ ಬೋಧನೆಯನ್ನೂ ನ್ಯಾಯವನ್ನೂ ಸಾಹಿತ್ಯವನ್ನೂ ಒಂದೇ ಜೀವದಲ್ಲಿ ಕೂಡಿಸಿಕೊಂಡಿದ್ದವರು ಪೋಲೆಂಡ್ ದೇಶದ ಯಾನುಷ್ ಕೋರ್ಚಾಕರು. ಜಗತ್ತು ಅವರನ್ನು ಬಲ್ಲದ್ದು ಬಹುಮಟ್ಟಿಗೆ ಅವರ ಮರಣದಿಂದ. ಆ ಮರಣ ಮಹತ್ತಾದುದೆಂಬುದರಲ್ಲಿ ಸಂದೇಹವಿಲ್ಲ. ಆದರೆ ಅದರ ಬೆಳಕಿನಲ್ಲಿ ಅದಕ್ಕೆ ಹಿಂದಿನ ಮೂವತ್ತು ವರ್ಷಗಳ ದುಡಿಮೆ ಮರೆಯಾಗಿಬಿಟ್ಟಿದೆಯಲ್ಲಾ ಎಂದು ನನಗೆ ಆಗಾಗ ಅನಿಸುವುದುಂಟು. ಆ ದುಡಿಮೆಯನ್ನೇ ಇಲ್ಲಿ ಮುಖ್ಯವಾಗಿ ಹೇಳಬೇಕೆಂದಿದ್ದೇನೆ.

ಅವರ ನಿಜನಾಮ ಹೆನ್ರಿಕ್ ಗೋಲ್ಡ್‌ಷ್ಮಿಟ್. ಹುಟ್ಟಿದ್ದು ವಾರ್ಸಾ ನಗರದಲ್ಲಿ, ಜುಲೈ ೨೨ರಂದು. ವರ್ಷ ಮಾತ್ರ ೧೮೭೮ ಅಥವಾ ೧೮೭೯. ತಂದೆ ಮಗನ ಜನನವನ್ನು ಹೊತ್ತಿಗೆ ಸರಿಯಾಗಿ ದಾಖಲೆ ಮಾಡಿಸಲಿಲ್ಲವಾದ ಕಾರಣ ಅದು ಹಾಗೆಯೇ ಉಳಿದುಹೋಯಿತು. ಮಗುವಿಗೆ ತನ್ನ ಹೆಸರಿನ ಮೇಲೆ, ತನ್ನ ಹುಟ್ಟಿನ ದಾಖಲೆಯ ಮೇಲೆ ಹಕ್ಕಿದೆಯೆಂದು ಇಂದು ಅಂತರರಾಷ್ಟ್ರೀಯ ಒಡಂಬಡಿಕೆಯೇ ಸಾರುತ್ತದೆ. ಆ ಹಕ್ಕಿನ ಮೂಲಪುರುಷರಲ್ಲಿ ಒಬ್ಬನಿಗೆ ಅದೇ ಇಲ್ಲದೆ ಹೋದದ್ದು ವಿಧಿಯ ವಿನೋದ. ಯೆಹೂದ್ಯ ಮನೆತನ, ಆದರೆ ಪೋಲಿಷ್ ಭಾಷೆಯಲ್ಲಿ, ಪೋಲಿಷ್ ಸಂಸ್ಕಾರದಲ್ಲಿ ಬೆರೆತುಹೋಗಿದ್ದ ಮನೆತನ. ತಾತ ವೈದ್ಯ, ತಂದೆ ವಕೀಲ. ತಂದೆಗೆ ಬುದ್ಧಿಭ್ರಮಣೆಯುಂಟಾಗಿ ೧೮೯೬ರಲ್ಲಿ ಅವರು ತೀರಿಕೊಂಡಾಗ ಮನೆಯ ಐಶ್ವರ್ಯವೆಲ್ಲ ಕರಗಿತ್ತು. ಇನ್ನೂ ಮೀಸೆ ಮೂಡದ ಹುಡುಗ ಉಳ್ಳವರ ಮಕ್ಕಳಿಗೆ ಮನೆಪಾಠ ಹೇಳಿ ತಾಯಿಯನ್ನೂ ಸಹೋದರಿಯನ್ನೂ ಸಾಕಿದನು. ಅಂದಿನ ವಾರ್ಸಾ ರಷ್ಯದ ಚಕ್ರವರ್ತಿಯ ಅಧೀನದಲ್ಲಿತ್ತು; ಶಾಲೆಗಳಲ್ಲಿ ರಷ್ಯನ್ ಭಾಷೆ, ರಷ್ಯನ್ ಶಿಸ್ತು, ರಷ್ಯನ್ ಬೆತ್ತ. ಶಾಲೆಯೆಂಬುದು ಮಕ್ಕಳ ಪಾಲಿಗೆ ಎಂಥ ಸೆರೆಮನೆಯಾಗಬಲ್ಲುದೆಂಬುದನ್ನು ಆತ ಪುಸ್ತಕ ಓದಿ ತಿಳಿಯಬೇಕಾಗಿರಲಿಲ್ಲ.

೧೮೯೮ರಲ್ಲಿ ಅವರು ವೈದ್ಯಶಿಕ್ಷಣಕ್ಕೆ ಸೇರಿದರು. ಅದೇ ಕಾಲಕ್ಕೆ ಒಂದು ನಾಟಕಸ್ಪರ್ಧೆಗೆ ಕೃತಿಯೊಂದನ್ನು ಕಳುಹಿಸುವಾಗ ಕ್ರಾಷೆವ್‌ಸ್ಕಿಯ ಕಾದಂಬರಿಯೊಂದರ ನಾಯಕನ ಹೆಸರನ್ನು ಕಾವ್ಯನಾಮವಾಗಿ ಇಟ್ಟುಕೊಂಡರು. ಯಾನಾಷ್ ಎಂದಿದ್ದುದು ಅಚ್ಚಿನ ಮನೆಯವರ ಕೈಯಲ್ಲಿ ಯಾನುಷ್ ಆಯಿತೆಂದು ಹೇಳುತ್ತಾರೆ. ವೈದ್ಯವಿದ್ಯೆ ಹಗಲಿನ ಪಾಠವಾದರೆ, ಅವರಿಗೆ ಇನ್ನೊಂದು ಪಾಠಶಾಲೆಯೂ ಇದ್ದಿತು. ಪೋಲಿಷ್ ಭಾಷೆಯ ಉಚ್ಚ ಶಿಕ್ಷಣಕ್ಕೆ ಸರಕಾರದ ನಿಷೇಧವಿದ್ದುದರಿಂದ ದೇಶಾಭಿಮಾನಿಗಳಾದ ವಿದ್ವಾಂಸರು ಇಂದು ಒಬ್ಬರ ಮನೆಯಲ್ಲಿ, ನಾಳೆ ಇನ್ನೊಬ್ಬರ ಮನೆಯಲ್ಲಿ ಗುಟ್ಟಾಗಿ ತರಗತಿ ನಡೆಸುತ್ತಿದ್ದರು. ಅದಕ್ಕೆ ಹಾರುವ ವಿಶ್ವವಿದ್ಯಾನಿಲಯವೆಂದು ಹೆಸರು. ಅಲ್ಲಿ ಕೋರ್ಚಾಕರು ಮನಶ್ಶಾಸ್ತ್ರ ಮತ್ತು ಶಿಕ್ಷಣಶಾಸ್ತ್ರದ ಉಪನ್ಯಾಸಗಳನ್ನು ಕೇಳಿದರು. ಬಿಡುವಿನಲ್ಲಿ ವಾರ್ಸಾದ ಬಡಕೇರಿಗಳನ್ನು ಸುತ್ತಿದರು. ೧೯೦೧ರಲ್ಲಿ ಬೀದಿಯ ಮಕ್ಕಳನ್ನು ಕುರಿತ ಅವರ ಕಾದಂಬರಿ ಹೊರಬಂದಿತು. ಹೀಗೆ ಶರೀರಶಾಸ್ತ್ರ, ಮನಶ್ಶಾಸ್ತ್ರ, ಕೇರಿಯ ಕಣ್ಣಾರೆ ಕಂಡ ಅನುಭವ, ಬರವಣಿಗೆ ಇವೆಲ್ಲ ಇಪ್ಪತ್ತರ ಹರೆಯದಲ್ಲಿಯೇ ಅವರಲ್ಲಿ ಒಂದರ ಪಕ್ಕದಲ್ಲೊಂದು ಬಂದು ಕುಳಿತಿದ್ದುವು. ಅವುಗಳನ್ನು ಕೂಡಿಸುವ ಕೆಲಸ ಇನ್ನೂ ಬಾಕಿಯಿತ್ತು.

೧೯೦೫ರಲ್ಲಿ ಪದವಿ ದೊರೆಯಿತು. ರಷ್ಯಕ್ಕೂ ಜಪಾನಿಗೂ ನಡೆಯುತ್ತಿದ್ದ ಯುದ್ಧ ಹೊಸ ವೈದ್ಯನನ್ನು ದೂರಪ್ರಾಚ್ಯಕ್ಕೆ ಎಳೆದೊಯ್ದಿತು. ಹಿಂದಿರುಗಿದ ಮೇಲೆ ವಾರ್ಸಾದ ಯೆಹೂದ್ಯ ಮಕ್ಕಳ ಆಸ್ಪತ್ರೆಯಲ್ಲಿ ೧೯೧೨ರವರೆಗೂ ದುಡಿದರು. ಹೆಸರು ಬಂದಿತು, ಸಿರಿವಂತರ ಮನೆಗಳಿಂದ ಕರೆಗಳು ಬಂದುವು. ಉಳ್ಳವರಿಂದ ತಕ್ಕ ಹಣ ತೆಗೆದುಕೊಂಡು ಇಲ್ಲದವರಿಗೆ ಬಿಟ್ಟಿ ಚಿಕಿತ್ಸೆ ಮಾಡುತ್ತಿದ್ದರು. ಆದರೆ ಅವರ ಮನಸ್ಸಿಗೆ ನೆಮ್ಮದಿಯಿರಲಿಲ್ಲ. ಆಸ್ಪತ್ರೆಯಲ್ಲಿ ಗುಣವಾದ ಮಗು ಅದೇ ತೇವದ ನೆಲಮಾಳಿಗೆಗೆ, ಅದೇ ಹಸಿವಿಗೆ, ಅದೇ ಏಟಿಗೆ ಹಿಂದಿರುಗುತ್ತಿತ್ತು. ಜ್ವರವಿಳಿಸಿದ ವೈದ್ಯ ಜ್ವರದ ಕಾರಣವನ್ನು ಮುಟ್ಟಿರಲಿಲ್ಲ. ವೈದ್ಯವಿದ್ಯೆ ಸುಳ್ಳೆಂದು ಅವರಿಗೆ ತೋರಲಿಲ್ಲ. ಅದು ತನ್ನ ಗಡಿಯಲ್ಲಿ ನಿಂತುಬಿಡುತ್ತದೆಂದು ತೋರಿತು. ಒಂದು ಶಾಸ್ತ್ರದ ಗಡಿಯಲ್ಲಿ ನಿಂತು ಅದರಾಚೆ ಏನಿದೆಯೆಂದು ಇಣಿಕಿ ನೋಡುವವನಿಗೆ ಮಾತ್ರ ಎರಡನೆಯ ಶಾಸ್ತ್ರದ ಅವಶ್ಯಕತೆ ತಿಳಿಯುತ್ತದೆ. ಹಲವು ವಿದ್ಯೆಗಳ ಕೂಟವೆಂಬುದು ಕುತೂಹಲದ ಆಟವಾಗಿ ಅವರಲ್ಲಿ ಹುಟ್ಟಲಿಲ್ಲ, ಕೊರತೆಯ ನೋವಾಗಿ ಹುಟ್ಟಿತೆಂಬುದನ್ನು ವಾಚಕರು ಗಮನಿಸಬೇಕು.

ಎರಡನೆಯ ಪಾಠ ಕಲಿಸಿದವರು ಮಕ್ಕಳೇ. ಬೇಸಗೆಯಲ್ಲಿ ಬಡಮಕ್ಕಳನ್ನು ಹಳ್ಳಿಗಾಡಿಗೆ ಕರೆದೊಯ್ಯುವ ಶಿಬಿರಗಳಲ್ಲಿ ಅವರು ಮೇಲ್ವಿಚಾರಕರಾಗಿ ಹೋದರು. ಪುಸ್ತಕದ ಜ್ಞಾನ, ಕತೆಗಾರನ ಚಾತುರ್ಯ, ಸದುದ್ದೇಶ ಯಾವುದಕ್ಕೂ ಕೊರತೆಯಿರಲಿಲ್ಲ. ಆದರೂ ಮೊದಲ ಶಿಬಿರದ ರಾತ್ರಿಗಳಲ್ಲಿ ಗದ್ದಲವೋ ಗದ್ದಲ. ರೇಗಿ ಗದರಿಸಿದರೂ ಫಲವಿಲ್ಲ. ಕೊನೆಗೊಂದು ದಿನ ಮಕ್ಕಳನ್ನು ಕಾಡಿನ ಬಯಲಿನಲ್ಲಿ ಕೂರಿಸಿಕೊಂಡು ಅವರೊಡನೆ ಮಾತುಕತೆ ನಡೆಸಿದರು. ಮಕ್ಕಳಿಗೆ ಹೇಳುವುದು ಬೇರೆ, ಮಕ್ಕಳೊಡನೆ ಮಾತಾಡುವುದು ಬೇರೆ ಎಂಬುದು ಅವರಿಗೆ ಹೊಳೆದದ್ದು ಆಗ. ತಮ್ಮ ಸೋಲನ್ನು ಅವರು ಮುಂದೆ ವಿವರವಾಗಿ ಬರೆದಿಟ್ಟರು. ಗೆಲುವಿನ ವರದಿಗಳೇ ತುಂಬಿರುವ ಶಿಕ್ಷಣಶಾಸ್ತ್ರದಲ್ಲಿ ಅಂಥ ಬರಹ ವಿರಳ.

ಬರ್ಲಿನ್, ಪ್ಯಾರಿಸ್, ಲಂಡನ್ ನಗರಗಳ ಆಸ್ಪತ್ರೆಗಳನ್ನೂ ಮಕ್ಕಳ ಮನೆಗಳನ್ನೂ ನೋಡಿಬಂದರು. ಮದುವೆಯಾಗಬಾರದು, ತಮಗೆಂದು ಮಕ್ಕಳಿರಬಾರದು ಎಂದು ನಿಶ್ಚಯಿಸಿಕೊಂಡರು. ೧೯೧೨ರಲ್ಲಿ ವಾರ್ಸಾದ ಕ್ರೋಖ್‌ಮಾಲ್ನಾ ಬೀದಿಯ ೯೨ನೆಯ ನಂಬರಿನಲ್ಲಿ ಯೆಹೂದ್ಯ ಅನಾಥ ಮಕ್ಕಳಿಗಾಗಿ ಕಟ್ಟಿದ ಹೊಸ ಮನೆಗೆ ನಿರ್ದೇಶಕರಾದರು. ಸುಮಾರು ನೂರು ಮಕ್ಕಳು. ಈ ಮನೆಯ ಕತೆಯಲ್ಲಿ ಸ್ತೆಫಾನಿಯಾ ವಿಲ್ಚಿನ್‌ಸ್ಕಾ ಎಂಬ ಮಹಿಳೆಯನ್ನು ಮರೆತರೆ ಅನ್ಯಾಯವಾದೀತು. ಬೆಲ್ಜಿಯಮ್ಮಿನಲ್ಲಿ ನಿಸರ್ಗವಿಜ್ಞಾನ ಓದಿ ಬಂದ ಈಕೆ ಮೂರು ದಶಕಗಳ ಕಾಲ ಆ ಮನೆಯ ಆಧಾರಸ್ತಂಭವಾಗಿದ್ದರು. ಯುದ್ಧದ ವರ್ಷಗಳಲ್ಲಿ ಡಾಕ್ಟರು ಸೇನೆಯೊಡನೆ ಹೋದಾಗ ಮನೆಯ ಭಾರವನ್ನು ಹೊತ್ತವರು ಅವರೇ.

ಆ ಮನೆಯ ನಡೆವಳಿಕೆ ಕೇಳಬೇಕಾದುದು. ಪಾತ್ರೆ ತೊಳೆಯುವುದು, ಕಸ ಗುಡಿಸುವುದು ಮೊದಲಾದ ಕೆಲಸಗಳನ್ನು ಮಕ್ಕಳು ಹಂಚಿಕೊಳ್ಳುತ್ತಿದ್ದರು. ಹೊಸದಾಗಿ ಬಂದ ಮಗುವಿಗೆ ಹಳೆಯ ಮಗುವೊಂದು ಪೋಷಕನಾಗುತ್ತಿತ್ತು. ಮಕ್ಕಳ ಪಾರ್ಲಿಮೆಂಟು, ಮಕ್ಕಳ ಪತ್ರಿಕೆ ಇದ್ದುವು. ವಾರಕ್ಕೊಮ್ಮೆ ಡಾಕ್ಟರು ಪ್ರತಿ ಮಗುವನ್ನೂ ತೂಗಿ, ಎತ್ತರ ಅಳೆದು ಬರೆದುಕೊಳ್ಳುತ್ತಿದ್ದರು. ಬೈಗುಳ ಬಿಡುತ್ತೇನೆ, ಜಗಳ ಬಿಡುತ್ತೇನೆ ಎಂದು ಮಗು ಬಂದು ಅವರೊಡನೆ ಪಂಥ ಕಟ್ಟಬಹುದಾಗಿತ್ತು. ಈ ವಾರ ಎಷ್ಟು ಸಲ ತಪ್ಪುವೆನೆಂದು ಅದೇ ಹೇಳಬೇಕು; ಗೆದ್ದರೆ ಮಿಠಾಯಿ. ಗೆದ್ದೆನೋ ಸೋತೆನೋ ಎಂಬುದಕ್ಕೆ ಮಗುವಿನ ಮಾತೇ ಪ್ರಮಾಣ.

ಎಲ್ಲಕ್ಕಿಂತ ಹೆಚ್ಚಿನದು ಮಕ್ಕಳ ನ್ಯಾಯಾಲಯ. ಆ ವಾರ ಯಾವ ಮೊಕದ್ದಮೆಗೂ ಸಿಕ್ಕದ ಮಕ್ಕಳಲ್ಲಿ ಐವರನ್ನು ಚೀಟಿ ಎತ್ತಿ ನ್ಯಾಯಾಧೀಶರನ್ನಾಗಿ ಮಾಡುತ್ತಿದ್ದರು. ಕೋರ್ಚಾಕರೇ ಬರೆದ ಸಂಹಿತೆಯಲ್ಲಿ ಕಲಮುಗಳ ಸಂಖ್ಯೆ ಸಾವಿರದವರೆಗೆ ಹೋಗುತ್ತದೆ. ಒಂದರಿಂದ ತೊಂಬತ್ತೊಂಬತ್ತರವರೆಗೆ ಎಲ್ಲವೂ ಕ್ಷಮೆಯ, ಬಿಡುಗಡೆಯ ಕಲಮುಗಳು: ತಿಳಿಯದೆ ಮಾಡಿದ್ದಾನೆ, ಮೊದಲ ಸಲ ಮಾಡಿದ್ದಾನೆ, ಪಶ್ಚಾತ್ತಾಪಪಟ್ಟಿದ್ದಾನೆ ಎಂಬಂಥವು. ನೂರನೆಯದರಿಂದ ಆಚೆಗೆ ನೂರು ನೂರು ಹಾರಿ ಏರುವ ಖಂಡನೆಗಳು; ಸಾವಿರನೆಯದು ಮನೆಯಿಂದ ಹೊರಗೆ ಹಾಕುವುದು. ಶಿಕ್ಷೆಯ ಮೆಟ್ಟಿಲು ಹತ್ತುವ ಮೊದಲು ಕ್ಷಮೆಯ ತೊಂಬತ್ತೊಂಬತ್ತು ಬಾಗಿಲುಗಳನ್ನು ತಟ್ಟಿ ನೋಡಬೇಕಾದ ಇಂಥ ದಂಡಸಂಹಿತೆಯನ್ನು ನಾನು ಬೇರೆಲ್ಲಿಯೂ ಕಂಡಿಲ್ಲ.

ಈ ನ್ಯಾಯಾಲಯದ ಮುಂದೆ ಮಕ್ಕಳು ಮಾತ್ರವಲ್ಲ, ದೊಡ್ಡವರೂ ನಿಲ್ಲಬೇಕಾಗಿತ್ತು. ಆರು ತಿಂಗಳ ಅವಧಿಯಲ್ಲಿ ಸ್ವತಃ ಡಾಕ್ಟರೇ ಐದು ಸಲ ಆರೋಪಿಯಾಗಿ ನಿಂತರು. ಒಬ್ಬ ಹುಡುಗನ ಕಿವಿಗೆ ಹೊಡೆದದ್ದು, ಒಬ್ಬನನ್ನು ಮಲಗುವ ಕೊಠಡಿಯಿಂದ ಹೊರಕ್ಕೆ ಕಳುಹಿಸಿದ್ದು, ಒಬ್ಬನನ್ನು ಮೂಲೆಯಲ್ಲಿ ನಿಲ್ಲಿಸಿದ್ದು, ನ್ಯಾಯಾಧೀಶನನ್ನು ಅವಮಾನಿಸಿದ್ದು, ಒಬ್ಬ ಹುಡುಗಿಯ ಮೇಲೆ ಕಳವಿನ ಸಂಶಯಪಟ್ಟದ್ದು ಇವು ಅವರ ಮೇಲಿನ ಆರೋಪಗಳು. ನಡುವೆ ನ್ಯಾಯಾಲಯ ಹದಗೆಟ್ಟು ಕೆಲವು ವಾರ ನಿಂತದ್ದೂ ಉಂಟು. ತಿದ್ದಿ ಮತ್ತೆ ನಡೆಸಿದರು. ಇವುಗಳನ್ನೆಲ್ಲ ಅವರು ಮುಚ್ಚಿಡದೆ ಪುಸ್ತಕದಲ್ಲಿ ಬರೆದಿದ್ದಾರೆ. ವೈದ್ಯನಾಗಿ ಮಗುವನ್ನು ಪರೀಕ್ಷಿಸಿದವರು, ಗುರುವಾಗಿ ಅದನ್ನು ಗಮನಿಸಿದವರು, ಲೇಖಕರಾಗಿ ಅದನ್ನು ಚಿತ್ರಿಸಿದವರು ಕೊನೆಗೆ ತಾವೇ ಅದರ ಪರೀಕ್ಷೆಗೆ ಒಳಗಾದರು. ನನ್ನ ದೃಷ್ಟಿಯಲ್ಲಿ ಅವರ ಹಲವು ವಿದ್ಯೆಗಳು ಒಂದಾದುದು ಈ ಕಟಕಟೆಯಲ್ಲಿ.

ಮೊದಲ ಮಹಾಯುದ್ಧದಲ್ಲಿ ರಷ್ಯನ್ ಸೇನೆಯ ವೈದ್ಯರಾಗಿ ರಣರಂಗದ ಆಸ್ಪತ್ರೆಗಳಲ್ಲಿದ್ದಾಗ, ಮಗುವನ್ನು ಪ್ರೀತಿಸುವ ಬಗೆ ಹೇಗೆಂಬ ಮಹಾಗ್ರಂಥವನ್ನು ಬರೆಯತೊಡಗಿದರು. ಅದರಲ್ಲಿ ಮಗುವಿಗೆ ಮೂರು ಮೂಲ ಹಕ್ಕುಗಳನ್ನು ಹೇಳಿದರು: ಸಾಯುವ ಹಕ್ಕು, ಇಂದಿನ ದಿನದ ಮೇಲಿನ ಹಕ್ಕು, ತಾನು ಇರುವಂತೆಯೇ ಇರುವ ಹಕ್ಕು. ಮೊದಲನೆಯದನ್ನು ಕೇಳಿದೊಡನೆ ಎದೆ ಝಲ್ಲೆನ್ನುತ್ತದೆ. ಅರ್ಥ ಇಷ್ಟು: ಎಲ್ಲಿ ಸತ್ತೀತೋ ಎಂಬ ಭಯದಿಂದ ಮಗುವಿಗೆ ಬದುಕುವುದಕ್ಕೇ ಅವಕಾಶ ಕೊಡದೆ, ಓಡಬೇಡ, ಹತ್ತಬೇಡ, ಹೊರಗೆ ಹೋಗಬೇಡ ಎಂದು ಕಟ್ಟಿಹಾಕುವ ಪ್ರೀತಿ ಪ್ರೀತಿಯಲ್ಲ. ನೂರಾರು ಮಕ್ಕಳ ಸಾವನ್ನು ಹತ್ತಿರದಿಂದ ಕಂಡ ವೈದ್ಯನಲ್ಲದೆ ಬೇರೆ ಯಾರೂ ಈ ಮಾತನ್ನು ಬರೆಯುವ ಧೈರ್ಯ ಮಾಡುತ್ತಿರಲಿಲ್ಲ.

೧೯೧೯ರಲ್ಲಿ ಮಾರಿನಾ ಫಾಲ್ಸ್‌ಕಾ ಎಂಬವರೊಡಗೂಡಿ ಪೋಲಿಷ್ ಕಾರ್ಮಿಕರ ಮಕ್ಕಳಿಗಾಗಿ ನಮ್ಮ ಮನೆ ಎಂಬ ಎರಡನೆಯ ನಿಲಯವನ್ನು ನಡೆಸಲು ತೊಡಗಿದರು. ಮರುವರ್ಷದ ಯುದ್ಧದಲ್ಲಿ ಅವರಿಗೆ ಟೈಫಸ್ ಜ್ವರ ತಗುಲಿತು. ಮಗನ ಶುಶ್ರೂಷೆ ಮಾಡಿದ ತಾಯಿ ಅದೇ ಜ್ವರಕ್ಕೆ ಬಲಿಯಾದರು. ಆ ದುಃಖ ಕೊನೆಯವರೆಗೂ ಅವರ ಜೊತೆಗಿತ್ತು.

ಸ್ವತಂತ್ರ ಪೋಲೆಂಡಿನಲ್ಲಿ ಅವರು ತರುಣರಿಗೆ ಗುರುವಾದರು. ಮಾರಿಯಾ ಗ್ಜೆಗೊಜೆವ್‌ಸ್ಕಾ ೧೯೨೨ರಲ್ಲಿ ಸ್ಥಾಪಿಸಿದ ವಿಶೇಷ ಶಿಕ್ಷಣದ ಸಂಸ್ಥೆಯಲ್ಲಿಯೂ, ವಾರ್ಸಾದ ಸ್ವತಂತ್ರ ವಿಶ್ವವಿದ್ಯಾನಿಲಯದಲ್ಲಿಯೂ ಉಪನ್ಯಾಸ ಮಾಡಿದರು. ಬಾಲಾಪರಾಧಿಗಳ ನ್ಯಾಯಾಲಯಕ್ಕೆ ತಜ್ಞರಾಗಿ ಹೋಗುತ್ತಿದ್ದರು. ಒಮ್ಮೆ ಮಗುವಿನ ಹೃದಯವೆಂಬ ವಿಷಯವಾಗಿ ಪಾಠವೆಂದು ವಿದ್ಯಾರ್ಥಿಗಳನ್ನು ಆಸ್ಪತ್ರೆಯ ಕ್ಷಕಿರಣದ ಕೊಠಡಿಗೆ ಕರೆದರು. ಜೊತೆಯಲ್ಲಿ ಒಬ್ಬ ಚಿಕ್ಕ ಹುಡುಗನಿದ್ದನು. ಕತ್ತಲ ಕೋಣೆ, ಅಪರಿಚಿತ ಮುಖಗಳು, ಹುಡುಗ ನಡುಗುತ್ತಿದ್ದನು. ಪರದೆಯ ಹಿಂದೆ ಅವನನ್ನು ನಿಲ್ಲಿಸಿದಾಗ ಹೆದರಿದ ಆ ಪುಟ್ಟ ಹೃದಯ ಬಡಿದುಕೊಳ್ಳುವುದು ಎಲ್ಲರಿಗೂ ಕಂಡಿತು. ಮುಂದೆ ಎಂದಾದರೂ ಮಗುವಿನ ಮೇಲೆ ಕೈಯೆತ್ತುವ ಮನಸ್ಸಾದಾಗ ಇದನ್ನು ನೆನೆಯಿರಿ ಎಂಬರ್ಥದ ಮಾತನ್ನು ಹೇಳಿ ಅಂದಿನ ಪಾಠ ಮುಗಿಸಿದರು. ಶರೀರಶಾಸ್ತ್ರ, ಮನಶ್ಶಾಸ್ತ್ರ, ನೀತಿ ಮೂರೂ ಆ ಒಂದು ಪಾಠದಲ್ಲಿ ಬೇರೆ ಬೇರೆಯಾಗಿರಲಿಲ್ಲ. ಹಾಗೆಯೇ, ಆ ಪಾಠಕ್ಕಾಗಿ ಒಬ್ಬ ಹುಡುಗ ಹೆದರಬೇಕಾಯಿತೆಂಬುದನ್ನೂ ನಾವು ಮರೆಯುವಂತಿಲ್ಲ. ಮಗುವನ್ನು ಓದುವ ವಿದ್ಯೆಯ ಹಳೆಯ ಇಕ್ಕಟ್ಟು ಅದು. ಇಂದಿನ ಸಂಶೋಧಕನಿಗೂ ಅದರಿಂದ ಬಿಡುಗಡೆಯಿಲ್ಲ.

ಕ್ರೋಖ್‌ಮಾಲ್ನಾ ಮನೆಯಲ್ಲಿಯೇ ತರುಣ ಅಭ್ಯಾಸಿಗಳಿಗೆ ವಸತಿಯಿತ್ತು. ಊಟ ವಸತಿಗೆ ಪ್ರತಿಯಾಗಿ ಅವರು ಮಕ್ಕಳ ನಡುವೆ ಕೆಲಸ ಮಾಡಬೇಕು, ಕಂಡದ್ದನ್ನು ಬರೆದಿಡಬೇಕು, ಆ ಬರಹವನ್ನು ವಿಲ್ಚಿನ್‌ಸ್ಕಾ ಓದಿ ಟಿಪ್ಪಣಿ ಹಾಕುತ್ತಿದ್ದರು. ಸ್ನಾತಕೋತ್ತರ ವ್ಯಾಸಂಗವೆಂದು ಇಂದು ನಾವು ಕರೆಯುವುದರ ಸತ್ವವೆಲ್ಲ ಅಲ್ಲಿತ್ತು.

ಸಾಹಿತ್ಯವೂ ನಿಲ್ಲಲಿಲ್ಲ. ಮಾತ್ಯೂಷ್ ಎಂಬ ಬಾಲರಾಜನ ಕತೆ ೧೯೨೩ರ ಸುಮಾರಿಗೆ ಹೊರಬಂದಿತು. ಆ ರಾಜ ಮಕ್ಕಳಿಗೆ ಪಾರ್ಲಿಮೆಂಟು ಕೊಡುತ್ತಾನೆ, ದೊಡ್ಡವರು ಶಾಲೆಗೆ ಹೋಗುತ್ತಾರೆ, ರಾಜ್ಯ ಅಸ್ತವ್ಯಸ್ತವಾಗುತ್ತದೆ, ರಾಜ ಸೋತು ದ್ವೀಪಕ್ಕೆ ಗಡಿಪಾರಾಗುತ್ತಾನೆ. ಹಕ್ಕು ಕೊಟ್ಟ ಮಾತ್ರಕ್ಕೆ ಎಲ್ಲ ಸರಿಹೋಗುತ್ತದೆಂಬ ಭ್ರಾಂತಿ ಅವರಿಗೆ ಇರಲಿಲ್ಲವೆಂಬುದಕ್ಕೆ ಈ ಕತೆಯೇ ಸಾಕ್ಷಿ. ೧೯೨೬ರ ಅಕ್ಟೋಬರಿನಲ್ಲಿ ದೈನಿಕವೊಂದರ ಶುಕ್ರವಾರದ ಪುರವಣಿಯಾಗಿ, ಮಕ್ಕಳೇ ಬರೆಯುವ ಪತ್ರಿಕೆಯನ್ನು ಆರಂಭಿಸಿದರು. ಅದು ೧೯೩೯ರ ಸೆಪ್ಟೆಂಬರ್ ೧ರವರೆಗೆ ನಡೆಯಿತು. ೧೯೩೪ರಿಂದ ರೇಡಿಯೋದಲ್ಲಿ ಮುದಿ ಡಾಕ್ಟರೆಂಬ ಹೆಸರಿನಲ್ಲಿ ಮಾತನಾಡಿ ದೇಶಕ್ಕೆಲ್ಲ ಪ್ರಿಯರಾದರು. ಯೆಹೂದ್ಯದ್ವೇಷ ಹೆಚ್ಚಿದಂತೆ ೧೯೩೬ರಲ್ಲಿ ಆ ದನಿಯನ್ನು ನಿಲ್ಲಿಸಲಾಯಿತು. ೧೯೩೮ರಲ್ಲಿ ಮತ್ತೆ ಕೆಲವು ಕಾಲ ಕೇಳಿಸಿತು.

ಈ ನಡುವೆ ೧೯೨೪ರಲ್ಲಿ ಜಿನೀವಾದ ರಾಷ್ಟ್ರಸಂಘವು ಮಕ್ಕಳ ಹಕ್ಕುಗಳ ಘೋಷಣೆಯನ್ನು ಅಂಗೀಕರಿಸಿತ್ತು. ಇಂಗ್ಲೆಂಡಿನ ಎಗ್ಲಾಂಟೈನ್ ಜೆಬ್ ಎಂಬ ಪುಣ್ಯಾತ್ಮಳ ಪ್ರಯತ್ನದ ಫಲ ಅದು. ಜಗತ್ತು ಮೆಚ್ಚಿದ ಆ ಘೋಷಣೆಯನ್ನು ಕೋರ್ಚಾಕರು ಪೂರ್ತಿ ಮೆಚ್ಚಲಿಲ್ಲ. ಮಗುವಿನ ಗೌರವವನ್ನು ಕುರಿತು ೧೯೨೯ರಲ್ಲಿ ಪ್ರಕಟಿಸಿದ ಚಿಕ್ಕ ಪುಸ್ತಕದಲ್ಲಿ, ಅದನ್ನು ಬರೆದವರು ದೊಡ್ಡವರ ಕರ್ತವ್ಯಗಳನ್ನೇ ಮಗುವಿನ ಹಕ್ಕುಗಳೆಂದು ಭ್ರಮಿಸಿದ್ದಾರೆ, ಅದರ ಧ್ವನಿ ಬೇಡಿಕೆಯದು, ಒತ್ತಾಯದ್ದಲ್ಲ ಎಂದು ಆಕ್ಷೇಪಿಸಿದರು. ಹಸಿದ ಮಗುವಿಗೆ ಊಟ ಕೊಡುವುದು ದಯೆಯೂ ಆಗಬಹುದು. ಆ ಮಗು ಇದು ನನಗೆ ಬರಬೇಕಾದುದೆಂದು ಕೇಳಬಲ್ಲುದಾದರೆ ಮಾತ್ರ ಅದು ಹಕ್ಕು. ಮಕ್ಕಳ ಕಟಕಟೆಯಲ್ಲಿ ಐದು ಸಲ ನಿಂತವರಿಗೆ ಈ ವ್ಯತ್ಯಾಸ ಸಹಜವಾಗಿಯೇ ತಿಳಿದಿತ್ತು.

೧೯೩೯ರಲ್ಲಿ ಜರ್ಮನರು ವಾರ್ಸಾವನ್ನು ಹಿಡಿದರು. ಯೆಹೂದ್ಯರು ಧರಿಸಬೇಕಾದ ತೋಳುಪಟ್ಟಿಯನ್ನು ಧರಿಸಲು ಡಾಕ್ಟರು ಒಪ್ಪಲಿಲ್ಲ. ಪೋಲಿಷ್ ಸೇನಾಧಿಕಾರಿಯ ಸಮವಸ್ತ್ರದಲ್ಲಿಯೇ ತಿರುಗಾಡಿದರು. ೧೯೪೦ರ ನವೆಂಬರಿನಲ್ಲಿ ಅನಾಥಾಲಯವನ್ನು ಗೋಡೆ ಕಟ್ಟಿದ ಘೆಟ್ಟೊದೊಳಕ್ಕೆ ಸಾಗಿಸಬೇಕಾಯಿತು. ಮಕ್ಕಳ ಆಲೂಗಡ್ಡೆಯ ಗಾಡಿಯನ್ನು ಕಸಿದುಕೊಂಡರೆಂದು ಪ್ರತಿಭಟಿಸಹೋಗಿ ಸೆರೆಮನೆ ಸೇರಿದರು. ಬಿಡುಗಡೆಯಾದ ಮೇಲೆ, ವಯಸ್ಸು ಅರುವತ್ತು ದಾಟಿದ್ದ ರೋಗಿಷ್ಠ ಮನುಷ್ಯ ಹೆಗಲಿಗೆ ಚೀಲ ಹಾಕಿಕೊಂಡು ಇನ್ನೂರು ಮಕ್ಕಳಿಗಾಗಿ ಮನೆಮನೆ ಬೇಡಿದರು. ಹಸಿವಿನ ಆ ದಿನಗಳಲ್ಲಿಯೂ ಮಕ್ಕಳನ್ನು ತೂಗಿ ಬರೆದಿಡುವುದು ಬಿಡಲಿಲ್ಲ.

ನಮ್ಮ ದೇಶಕ್ಕೆ ಸೇರಿದ ಒಂದು ಸಂಗತಿ ಇಲ್ಲಿ ಬರುತ್ತದೆ. ೧೯೪೨ರ ಜುಲೈ ೧೮ರಂದು ಆ ಮನೆಯ ಮಕ್ಕಳು ರವೀಂದ್ರನಾಥ ಠಾಕೂರರ ಡಾಕ್‌ಘರ್ ನಾಟಕವನ್ನು ಆಡಿದರು. ಅದರ ಅಮಲ್ ಎಂಬ ಹುಡುಗ ವೈದ್ಯನ ಆಜ್ಞೆಯಿಂದ ಕೋಣೆಯಲ್ಲಿ ಬಂಧಿ. ಕಿಟಕಿಯಿಂದ ಹೊರಗೆ ನೋಡುತ್ತ ದಾರಿಹೋಕರೊಡನೆ ಮಾತಾಡುತ್ತಾನೆ. ರಾಜನ ಕಾಗದಕ್ಕಾಗಿ ಕಾಯುತ್ತ ಕಣ್ಣುಮುಚ್ಚುತ್ತಾನೆ. ಮಗುವನ್ನು ಕೂಡಿಹಾಕುವ ಪ್ರೀತಿಯ ವಿರುದ್ಧ ಕಾಲು ಶತಮಾನದ ಹಿಂದೆಯೇ ಬರೆದಿದ್ದ ವೈದ್ಯನಿಗೆ ಬಂಗಾಳದ ಕವಿ ಅಪರಿಚಿತನಾಗಿ ತೋರಿರಲಾರನು. ಸಾವನ್ನು ಅಂಜದೆ ಎದುರುಗೊಳ್ಳಲು ಮಕ್ಕಳಿಗೆ ಕಲಿಸುವುದಕ್ಕಾಗಿ ಆ ನಾಟಕವನ್ನು ಆರಿಸಿಕೊಂಡರೆಂದು ಹೇಳುತ್ತಾರೆ. ನಾಲ್ಕು ದಿನಗಳಲ್ಲಿ, ಜುಲೈ ೨೨ರಂದು, ಘೆಟ್ಟೊದಿಂದ ಜನರನ್ನು ಕೊಲೆಯ ಶಿಬಿರಕ್ಕೆ ಸಾಗಿಸುವುದು ಆರಂಭವಾಯಿತು. ಆಗಸ್ಟಿನ ಮೊದಲ ವಾರದಲ್ಲಿ ಅನಾಥಾಲಯದ ಸರದಿ ಬಂದಿತು. ಪಾರಾಗುವ ಅವಕಾಶಗಳನ್ನು ಸ್ನೇಹಿತರು ಡಾಕ್ಟರಿಗೆ ಹಲವು ಸಲ ಒದಗಿಸಿದ್ದರು. ಒಂದನ್ನೂ ಅವರು ಬಳಸಲಿಲ್ಲ. ಮಕ್ಕಳ ಸಾಲಿನೊಡನೆ ನಡೆದು ರೈಲು ಹತ್ತಿದರು. ಸ್ತೆಫಾನಿಯಾ ವಿಲ್ಚಿನ್‌ಸ್ಕಾ ಅವರೂ ಉಳಿದ ಸಹಾಯಕರೂ ಹಾಗೆಯೇ ಹೋದರು. ತ್ರೆಬ್ಲಿಂಕಾದಿಂದ ಯಾರೂ ಹಿಂದಿರುಗಲಿಲ್ಲ. ಅಲ್ಲಿ ಇಂದು ಸ್ಮಾರಕವಾಗಿ ನಿಂತ ಸುಮಾರು ೧೭,೦೦೦ ಕಲ್ಲುಗಳಲ್ಲಿ ವ್ಯಕ್ತಿಯ ಹೆಸರನ್ನು ಹೊತ್ತದ್ದು ಕೋರ್ಚಾಕರ ಕಲ್ಲು ಒಂದೇ. ಅದರ ಮೇಲೆಯೂ ಅವರ ಹೆಸರಿನ ಜೊತೆಗೆ ಮಕ್ಕಳನ್ನು ಸೇರಿಸಿದ್ದಾರೆ.

ಮಕ್ಕಳ ಹಕ್ಕುಗಳಿಗೆ ಒಡಂಬಡಿಕೆಯ ಬಲ ಬರಬೇಕೆಂದು ೧೯೭೮ರಲ್ಲಿ ವಿಶ್ವಸಂಸ್ಥೆಯ ಮುಂದೆ ಮೊದಲ ಕರಡನ್ನು ಇಟ್ಟದ್ದು ಅವರ ಪೋಲೆಂಡ್ ದೇಶವೇ. ಹನ್ನೊಂದು ವರ್ಷಗಳ ಚರ್ಚೆಯ ತರುವಾಯ, ೧೯೮೯ರ ನವೆಂಬರ್ ೨೦ರಂದು ಅದು ಅಂಗೀಕಾರವಾಯಿತು. ೧೯೯೨ರ ಡಿಸೆಂಬರಿನಲ್ಲಿ ಭಾರತ ಅದಕ್ಕೆ ಸೇರಿತು. ಅದರ ಹನ್ನೆರಡನೆಯ ಅನುಚ್ಛೇದವು, ತನಗೆ ಸಂಬಂಧಿಸಿದ ವಿಷಯದಲ್ಲಿ ಮಗುವಿನ ಅಭಿಪ್ರಾಯವನ್ನು ಕೇಳಬೇಕೆಂದು ವಿಧಿಸುತ್ತದೆ. ಕ್ರೋಖ್‌ಮಾಲ್ನಾ ಬೀದಿಯ ಮನೆಯಲ್ಲಿ ಅದು ಎಷ್ಟೋ ವರ್ಷಗಳ ಹಿಂದೆಯೇ ನಡೆವಳಿಕೆಯಾಗಿತ್ತು.

ಮೊದಲು ಎತ್ತಿದ ಪ್ರಶ್ನೆಗೆ ಉತ್ತರ ಇಷ್ಟರಲ್ಲಿ ತಾನಾಗಿಯೇ ಬಂದಿದೆಯೆಂದು ಎಣಿಸುತ್ತೇನೆ. ವೈದ್ಯ, ಕಾನೂನು, ಶಿಕ್ಷಣ, ಸಾಹಿತ್ಯ ಯಾವುದೂ ಮಗುವನ್ನು ಪೂರ್ತಿ ಕಾಣಲಾರದೆಂಬುದರಿಂದ ಈ ವಿದ್ಯೆಗೆ ಹಲವು ಶಾಸ್ತ್ರಗಳು ಬೇಕು. ಅವನ್ನು ಒಟ್ಟಿಗೆ ಹಿಡಿದಿಡುವುದು ಮಾತ್ರ ಪಠ್ಯಪಟ್ಟಿಯಲ್ಲ. ತಾನು ಓದುವ ಮಗುವಿನ ಮುಂದೆ ನಿಂತು, ನೀನು ಮಾಡಿದ್ದು ಸರಿಯೇ ಎಂಬ ಅದರ ಪ್ರಶ್ನೆಗೆ ಉತ್ತರ ಹೇಳಲು ವಿದ್ಯಾರ್ಥಿ ಸಿದ್ಧನಾಗಿರಬೇಕು. ಪದವಿಯ ಪತ್ರಕ್ಕೆ ವಿಶ್ವವಿದ್ಯಾನಿಲಯದ ಮುದ್ರೆ ಸಾಕು. ಅದಕ್ಕೆ ಬೆಲೆ ಕಟ್ಟುವವರು ಐದು ಮಂದಿ ಮಕ್ಕಳು. ಚೀಟಿ ಎತ್ತಿ ಆರಿಸಿದವರಾದರೂ ಆದೀತು.